ದಿನಗೂಲಿ ಹೆಚ್ಚಿದ್ದರೂ ವರ್ಷದ ಲೆಕ್ಕ ಏಕೆ ತಗ್ಗುತ್ತದೆ? ಸಂಘವಿಲ್ಲದ ಕಟ್ಟಡ ಕೆಲಸಗಾರರೊಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನನಗೆ ಮೂವತ್ನಾಲ್ಕು ವರ್ಷ. ಹನ್ನೊಂದು ವರ್ಷಗಳಿಂದ ಟೈಲ್ಸ್ ಮತ್ತು ಕಲ್ಲು ಹಾಸುವ ಕೆಲಸ ಮಾಡುತ್ತಿದ್ದೇನೆ. ಯಾವ ಕಾರ್ಮಿಕ ಸಂಘದ ಸದಸ್ಯನೂ ಅಲ್ಲ. ಕೈಕೆಲಸ ಚೆನ್ನಾಗಿದೆ ಎಂಬ ಕಾರಣಕ್ಕೆ ಸಂಘ ಗುತ್ತಿಗೆದಾರರೊಂದಿಗೆ ಮಾಡಿಕೊಂಡ ಒಪ್ಪಂದದಲ್ಲಿರುವ ದರಕ್ಕಿಂತ ಶೇಕಡಾ 15ರಷ್ಟು ಹೆಚ್ಚು ದಿನಗೂಲಿ ನನಗೆ ಸಿಗುತ್ತದೆ. ಆದರೆ ಕಳೆದ ವರ್ಷ ದುಡಿದ 250 ದಿನಗಳಲ್ಲಿ 26 ದಿನಗಳ ಕೂಲಿ ಕೈಗೆ ಬರಲಿಲ್ಲ. ನಮ್ಮನ್ನು ಕೆಲಸಕ್ಕೆ ಕರೆದುಕೊಂಡು ಹೋಗಿದ್ದ ಉಪಗುತ್ತಿಗೆದಾರ ಫೋನ್ ಎತ್ತುವುದನ್ನೇ ಬಿಟ್ಟ. ಸುಮಾರು 60 ದಿನ ಎರಡೆರಡು ಗಂಟೆ ಹೆಚ್ಚು ದುಡಿದದ್ದಕ್ಕೂ ಏನೂ ಕೊಡಲಿಲ್ಲ. ಅದೇ ವರ್ಷ ಸಾರುವೆಯ ಹಲಗೆ ಜಾರಿ ಕೆಳಗೆ ಬಿದ್ದು ಮಣಿಕಟ್ಟು ಮುರಿದುಕೊಂಡು 41 ದಿನ ಮನೆಯಲ್ಲಿ ಕುಳಿತೆ. ಪರಿಹಾರ ಕೇಳಿದರೆ, "ನೀನು ಸ್ವತಂತ್ರ ಗುತ್ತಿಗೆದಾರ ಎಂದು ಸಹಿ ಹಾಕಿದ್ದೀಯ, ನಮಗೆ ಸಂಬಂಧವಿಲ್ಲ" ಎಂದರು. ಜೊತೆಯ ಕೆಲಸಗಾರ ಸಂಘಕ್ಕೆ ಸೇರು ಎನ್ನುತ್ತಾನೆ. ನನ್ನ ಭಾವನೂ ಇದೇ ಕೆಲಸದವರು. ಸಂಘಕ್ಕೆ ಸೇರಿದವನನ್ನು ಯಾರೂ ಕೆಲಸಕ್ಕೆ ಕರೆಯುವುದಿಲ್ಲ, ಚಂದಾ ನಾಯಕರ ಪಾಲಾಗುತ್ತದೆ, ಮುಷ್ಕರ ಬಂದರೆ ಹೊಟ್ಟೆಗೆ ಹೊಡೆತ ಎನ್ನುತ್ತಾರೆ. ಯಾರ ಮಾತನ್ನು ನಂಬಲಿ? ಇತ್ತೀಚೆಗೆ ಒಣ ಕೆಮ್ಮು ಬೇರೆ ಕಾಡುತ್ತಿದೆ. ಅದಕ್ಕೂ ಇದಕ್ಕೂ ಸಂಬಂಧ ಇರಲಿಕ್ಕಿಲ್ಲ.

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕು ನಷ್ಟಗಳಿವೆ: ಬಾರದ ಕೂಲಿ, ಲೆಕ್ಕಕ್ಕೆ ಸಿಗದ ಹೆಚ್ಚುವರಿ ಗಂಟೆಗಳು, ಯಾರೂ ಹೊಣೆ ಹೊರದ ಗಾಯ, ಮತ್ತು ನೀವು ಕೊನೆಯಲ್ಲಿ ಒಂದೇ ಸಾಲಿನಲ್ಲಿ ತೇಲಿಸಿಬಿಟ್ಟ ಕೆಮ್ಮು. ನೀವು ಇವನ್ನು ಬೇರೆ ಬೇರೆ ದುರದೃಷ್ಟಗಳೆಂದು ಬರೆದಿದ್ದೀರಿ. ಮೊದಲು ಕಟ್ಟಡ ಸ್ಥಳಗಳಲ್ಲಿ ಸುರಕ್ಷತಾ ಎಂಜಿನಿಯರ್ ಆಗಿ, ನಂತರ ಕಾರ್ಮಿಕರ ಕೂಲಿ ಮತ್ತು ಪರಿಹಾರದ ದೂರುಗಳಲ್ಲಿ ಸಲಹೆಗಾರನಾಗಿ ಕೆಲಸ ಮಾಡಿದ ಅನುಭವದಿಂದ ಹೇಳುವುದಾದರೆ, ಈ ನಾಲ್ಕಕ್ಕೂ ಬೇರು ಒಂದೇ. ಅದನ್ನು ವಿವರಿಸದೆ ಸಂಘ ಬೇಕೇ ಬೇಡವೇ ಎಂದು ಹೇಳಿದರೆ ಅದು ನಿಮ್ಮ ಭಾವನ ಮಾತಿನಂತೆಯೇ ಇನ್ನೊಂದು ಅಭಿಪ್ರಾಯವಾಗುತ್ತದೆ, ಅಷ್ಟೆ.

ಕಾರ್ಖಾನೆಯ ಕೆಲಸಗಾರನಿಗೆ ಗೇಟು ಒಂದೇ, ಮಾಲೀಕ ಒಬ್ಬನೇ, ಪಕ್ಕದ ಯಂತ್ರದಲ್ಲಿ ನಿಲ್ಲುವ ಮನುಷ್ಯ ಹತ್ತು ವರ್ಷಗಳ ನಂತರವೂ ಹೆಚ್ಚುಕಡಿಮೆ ಅವನೇ. ರಜೆ, ಭವಿಷ್ಯ ನಿಧಿ, ಅನಾರೋಗ್ಯದ ಸಂಬಳ, ಸೇವಾ ಹಿರಿತನ ಇವೆಲ್ಲ ಹುಟ್ಟಿದ್ದು ಅಂಥ ಗೇಟಿನ ಒಳಗೆ, ಒಬ್ಬ ಮಾಲೀಕನ ಹಾಜರಿ ಪುಸ್ತಕದ ಆಧಾರದ ಮೇಲೆ. ಕಟ್ಟಡ ಕೆಲಸದಲ್ಲಿ ಕಟ್ಟಡ ಮುಗಿದ ದಿನ ಕೆಲಸದ ಜಾಗವೇ ಇಲ್ಲವಾಗುತ್ತದೆ. ಅಡಿಪಾಯ ಹಾಕಿದವರು ಗೋಡೆ ಏಳುವ ಹೊತ್ತಿಗೆ ಬೇರೆಡೆ ಹೋಗಿರುತ್ತಾರೆ. ನೆಲ ಹಾಸಲು ನೀವು ಬರುವಾಗ ಕಂಬಿ ಕಟ್ಟಿದವರ ಹೆಸರು ಅಲ್ಲಿ ಯಾರಿಗೂ ನೆನಪಿರುವುದಿಲ್ಲ. ಹನ್ನೊಂದು ವರ್ಷಗಳಲ್ಲಿ ನೀವು ಎಷ್ಟು ಮಂದಿ ಗುತ್ತಿಗೆದಾರರ ಕೈಕೆಳಗೆ ದುಡಿದಿರಿ ಎಂದು ಬೆರಳು ಮಡಿಸಿ ಎಣಿಸಿ ನೋಡಿ. ಅವರಲ್ಲಿ ಎಷ್ಟು ಜನರ ಬಳಿ ನೀವು ಅಲ್ಲಿ ದುಡಿದಿರಿ ಎನ್ನುವುದಕ್ಕೆ ಒಂದು ಕಾಗದವಿದೆ ಎಂಬುದನ್ನೂ ಯೋಚಿಸಿ. ಹಕ್ಕು ಮಾಲೀಕನಿಗೆ ಅಂಟಿಕೊಂಡಿದ್ದರೆ, ಮಾಲೀಕ ಬದಲಾದಾಗಲೆಲ್ಲ ಅದು ಸೊನ್ನೆಯಿಂದ ಶುರುವಾಗುತ್ತದೆ. ಈ ವೃತ್ತಿಯಲ್ಲಿ ಒಂದು ಕಟ್ಟಡದಿಂದ ಇನ್ನೊಂದಕ್ಕೆ ಹೋಗುವುದು ಕೆಲಸಗಾರ ಮಾತ್ರ. ಆದ್ದರಿಂದ ಹಕ್ಕು ಉಳಿಯಬೇಕಾದರೆ ಅದು ಕೆಲಸಗಾರನ ಜೊತೆಗೇ ನಡೆಯುವಂತಿರಬೇಕು. ಕಟ್ಟಡ ಕಾರ್ಮಿಕರ ಒಳ್ಳೆಯ ಸಂಘವೊಂದು ಮಾಡುವ ಮುಖ್ಯ ಕೆಲಸ ಇದು. ಸಂಘವೆಂದರೆ ಕೂಲಿ ಏರಿಸುವ ಯಂತ್ರವೆಂದು ಮಾತ್ರ ತಿಳಿದವರಿಗೆ ಇದು ಕಾಣುವುದಿಲ್ಲ.

ಈಗ ನಿಮ್ಮ 26 ದಿನಗಳ ಕೂಲಿಗೆ ಬರೋಣ. ಉಪಗುತ್ತಿಗೆದಾರ ಫೋನ್ ಎತ್ತುವುದನ್ನೇ ಬಿಟ್ಟ ಎಂದು ನೀವು ಬರೆದಿದ್ದೀರಿ, ಅವನು ಮೋಸಗಾರನೇ ಇರಬಹುದು. ಆದರೆ ನಾನು ನೋಡಿದ ಇಂಥ ಪ್ರಕರಣಗಳಲ್ಲಿ ಹಲವರು ಮೋಸ ಮಾಡಲೆಂದೇ ಬಂದವರಾಗಿರಲಿಲ್ಲ, ಕೈಯಲ್ಲಿ ಹಣವಿಲ್ಲದೆ ಓಡಿಹೋದವರಾಗಿದ್ದರು. ಕಟ್ಟಡದ ಒಡೆಯ ಮುಖ್ಯ ಗುತ್ತಿಗೆದಾರನಿಗೆ, ಅವನು ನೆಲಹಾಸಿನ ಗುತ್ತಿಗೆ ಹಿಡಿದವನಿಗೆ, ಅವನು ಕೂಲಿಗಳನ್ನು ಒದಗಿಸುವವನಿಗೆ, ಅವನು ನಿಮ್ಮ ಮೇಸ್ತ್ರಿಗೆ ಕೆಲಸ ವಹಿಸುತ್ತಾನೆ. ಪ್ರತಿ ಮೆಟ್ಟಿಲಲ್ಲೂ ಒಬ್ಬೊಬ್ಬರು ತಮ್ಮ ಪಾಲು ತೆಗೆದಿಟ್ಟುಕೊಳ್ಳುತ್ತಾರೆ, ಮತ್ತು ಪ್ರತಿಯೊಬ್ಬರೂ ಮೇಲಿನಿಂದ ಹಣ ಬಂದ ಮೇಲೆಯೇ ಕೆಳಗೆ ಕೊಡುತ್ತಾರೆ. ಹರಾಜಿನಲ್ಲಿ ಕೆಲಸ ಹಿಡಿಯಲು ದರ ಇಳಿಸಿ ಇಳಿಸಿ ಬಂದಾಗ, ಸಿಮೆಂಟಿನ ಬೆಲೆಯನ್ನೋ ಕಲ್ಲಿನ ಬೆಲೆಯನ್ನೋ ಅವರು ಇಳಿಸಲಾರರು. ಇಳಿಸಲು ಸಿಗುವುದು ಕೂಲಿ ಮತ್ತು ಸುರಕ್ಷತೆಯ ಖರ್ಚು, ಇವೆರಡೇ. ಮೇಲೆಲ್ಲೋ ಒಂದು ಬಿಲ್ಲು ತಡವಾದರೆ ಕೆಳಗಿನವನ ಬಟವಾಡೆ ನಿಲ್ಲುತ್ತದೆ. ಆಗ ನಿಮಗೆ ಗೊತ್ತಿರುವ ಮುಖ ಮೇಸ್ತ್ರಿಯದ್ದು ಮಾತ್ರ, ಹಣವಿರುವುದು ನಿಮಗೆ ಹೆಸರೂ ಗೊತ್ತಿಲ್ಲದವನ ಬಳಿ.

ಈ ಸರಪಳಿಯನ್ನು ಕಾನೂನು ಎಲ್ಲ ಕಡೆಯೂ ಕೈಕಟ್ಟಿ ನೋಡುತ್ತಿಲ್ಲ. ಸ್ಪೇನ್ 2006ರಲ್ಲಿ ಕಟ್ಟಡ ನಿರ್ಮಾಣದಲ್ಲಿ ಉಪಗುತ್ತಿಗೆ ಸಾಮಾನ್ಯವಾಗಿ ಮೂರನೆಯ ಹಂತವನ್ನು ದಾಟಬಾರದೆಂದು ಕಾನೂನು ಮಾಡಿತು. ಬೇರೆ ದೇಶದಿಂದ ಕಳುಹಿಸಲಾದ ಕಟ್ಟಡ ಕಾರ್ಮಿಕರಿಗೆ ಉಪಗುತ್ತಿಗೆದಾರ ಕೂಲಿ ಕೊಡದಿದ್ದರೆ ಅವನಿಗೆ ಕೆಲಸ ಕೊಟ್ಟ ಗುತ್ತಿಗೆದಾರನನ್ನೂ ಹೊಣೆಯಾಗಿಸುವ ವ್ಯವಸ್ಥೆಯನ್ನು ಐರೋಪ್ಯ ಒಕ್ಕೂಟ 2014ರ ನಿರ್ದೇಶನದಲ್ಲಿ ತಂದಿತು. ಭಾರತವೂ ಸೇರಿದಂತೆ ಹಲವು ದೇಶಗಳ ಕಾನೂನುಗಳಲ್ಲಿ ಮುಖ್ಯ ಉದ್ಯೋಗದಾತನ ಹೊಣೆ, ಅಂದರೆ ಕೆಳಗಿನ ಗುತ್ತಿಗೆದಾರ ಕೂಲಿ ಕೊಡದಿದ್ದರೆ ಮೇಲಿನವನು ಕೊಡಬೇಕು ಎಂಬ ಕಲ್ಪನೆ ಇದೆ. ಆದರೆ ಆ ಹೊಣೆಯನ್ನು ಕೇಳಿ ಪಡೆಯಬೇಕಾದರೆ ಮುಖ್ಯ ಗುತ್ತಿಗೆದಾರ ಯಾರೆಂದು ತಿಳಿದಿರಬೇಕು, ನೀವು ಅಲ್ಲಿ ದುಡಿದದ್ದಕ್ಕೆ ದಾಖಲೆ ಇರಬೇಕು, ಅವನ ಕಚೇರಿಯ ಬಾಗಿಲಲ್ಲಿ ನಿಂತಾಗ ಕಾವಲುಗಾರ ಅಟ್ಟದಂತಿರಬೇಕು. ಒಬ್ಬಂಟಿ ಕೆಲಸಗಾರನಿಗೆ ಈ ಮೂರರಲ್ಲಿ ಒಂದೂ ಇರುವುದಿಲ್ಲ. ಸಂಘದ ಪ್ರತಿನಿಧಿಗೆ ಕಟ್ಟಡ ಶುರುವಾದ ದಿನದಿಂದಲೇ ಯಾರ ಕೆಳಗೆ ಯಾರು ಎನ್ನುವ ಪಟ್ಟಿ ಗೊತ್ತಿರುತ್ತದೆ, ಮತ್ತು ಬಟವಾಡೆ ಒಂದು ವಾರ ತಪ್ಪಿದರೆ ಅದು ಒಬ್ಬನ ದೂರಾಗಿ ಉಳಿಯದೆ ಐವತ್ತು ಜನರ ದೂರಾಗಿ ಮೇಲಕ್ಕೆ ಹೋಗುತ್ತದೆ. ಇಪ್ಪತ್ತಾರು ದಿನ ಕಾಯುವ ಪ್ರಶ್ನೆಯೇ ಹುಟ್ಟದಿರುವುದು ಇಲ್ಲಿಯ ನಿಜವಾದ ಲಾಭ. ಹೋದ ಹಣವನ್ನು ವಸೂಲಿ ಮಾಡುವುದಕ್ಕಿಂತ ಹಣ ಹೋಗದಂತೆ ನೋಡಿಕೊಳ್ಳುವುದು ಯಾವಾಗಲೂ ಸುಲಭ.

"ನನಗೆ ಶೇಕಡಾ 15 ಹೆಚ್ಚು ಸಿಗುತ್ತದೆ" ಎಂಬ ನಿಮ್ಮ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಕೈಕೆಲಸದಿಂದ ಗಳಿಸಿದ ಆ ಹೆಚ್ಚಳ ನಿಮ್ಮ ಹೆಮ್ಮೆ. ಆದರೆ ನೀವೇ ಕೊಟ್ಟ ಅಂಕಿಗಳನ್ನು ಇಟ್ಟುಕೊಂಡು ವರ್ಷದ ಲೆಕ್ಕ ಹಾಕೋಣ. ಒಪ್ಪಂದದ ದಿನಗೂಲಿ 100 ಎಂದು ಇಟ್ಟುಕೊಂಡರೆ ನಿಮ್ಮದು 115. ಕೂಲಿ ಸಿಕ್ಕ 224 ದಿನಗಳಿಗೆ ನಿಮಗೆ ಬಂದದ್ದು 25,760. ಒಪ್ಪಂದದ ಅಡಿಯಲ್ಲಿ ಅದೇ 250 ದಿನ ದುಡಿದಿದ್ದರೆ 25,000 ಆಗುತ್ತಿತ್ತು. ಎಂಟು ಗಂಟೆಯ ದಿನವೆಂದು ಹಿಡಿದು, ನಿಮ್ಮ 120 ಹೆಚ್ಚುವರಿ ಗಂಟೆಗಳಿಗೆ ಒಂದೂವರೆ ಪಟ್ಟು ದರವಿದೆ ಎಂದುಕೊಂಡರೆ ಇನ್ನೂ 2,250, ಒಟ್ಟು 27,250. ನೂರಕ್ಕೆ ಎರಡರಂತೆ ಚಂದಾ ಕಳೆದರೂ 26,705 ಉಳಿಯುತ್ತದೆ. ಮನೆಯಲ್ಲಿ ಕುಳಿತ 41 ದಿನಗಳ ಭತ್ಯೆಯನ್ನಾಗಲಿ ಚಿಕಿತ್ಸೆಯ ಖರ್ಚನ್ನಾಗಲಿ ಇದರಲ್ಲಿ ನಾನು ಸೇರಿಸಿಲ್ಲ.

ಪ್ರಾಮಾಣಿಕವಾಗಿ ಇನ್ನೊಂದು ಬದಿಯನ್ನೂ ಹೇಳಬೇಕು. ಆ ಉಪಗುತ್ತಿಗೆದಾರ ಓಡಿಹೋಗದಿದ್ದರೆ ನಿಮಗೆ 28,750 ಸಿಗುತ್ತಿತ್ತು, ಅಂದರೆ ಸಂಘದ ಲೆಕ್ಕಕ್ಕಿಂತ 2,045 ಹೆಚ್ಚು. ನಿಮ್ಮ ದರದಲ್ಲಿ ಅದು ಸುಮಾರು ಹದಿನೆಂಟು ದಿನಗಳ ಕೂಲಿ. ಹೀಗಾಗಿ ನಿಮ್ಮ ಮುಂದಿರುವ ನಿಜವಾದ ಪ್ರಶ್ನೆ ಇದು: ವರ್ಷದಲ್ಲಿ ಹದಿನೆಂಟು ದಿನಗಳಿಗಿಂತ ಹೆಚ್ಚು ಕೂಲಿ ನಷ್ಟವಾಗುವ ಸಾಧ್ಯತೆ ಎಷ್ಟು? ನಿಮ್ಮ ಹನ್ನೊಂದು ವರ್ಷಗಳನ್ನು ಒಂದೊಂದಾಗಿ ನೆನಪಿಸಿಕೊಂಡು ಉತ್ತರಿಸಿ. ನಲವತ್ತೈದರ ನಂತರ ಮಂಡಿ ಮತ್ತು ಸೊಂಟ ಈಗಿನಂತೆ ಓಡುವುದಿಲ್ಲ, ಆಗ ಕೈಕೆಲಸದ ಹೆಚ್ಚಳ ಇಷ್ಟೇ ಇರುತ್ತದೆಯೇ ಎಂಬುದನ್ನೂ ಅದರ ಜೊತೆಗೆ ಇಟ್ಟು ನೋಡಿ. ಮಂಡಿಯೂರಿ ಕೆಲಸ ಮಾಡುವ ನಿಮ್ಮ ವೃತ್ತಿಯಲ್ಲಿ ಇದು ದೂರದ ಮಾತಲ್ಲ.

"ಸ್ವತಂತ್ರ ಗುತ್ತಿಗೆದಾರ" ಎಂಬ ಕಾಗದಕ್ಕೆ ಸಹಿ ಹಾಕಿದ ಮೇಲೆ ಎಲ್ಲ ಮುಗಿಯಿತು ಎಂದು ನೀವು ನಂಬಿದ್ದೀರಿ. ಇದು ಅತ್ಯಂತ ವ್ಯಾಪಕವಾದ ತಪ್ಪು ತಿಳಿವಳಿಕೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 2006ರ 198ನೇ ಶಿಫಾರಸು, ಉದ್ಯೋಗ ಸಂಬಂಧ ಇದೆಯೇ ಇಲ್ಲವೇ ಎಂಬುದನ್ನು ಕಾಗದದಲ್ಲಿ ಏನು ಬರೆದಿದೆ ಎಂಬುದಕ್ಕಿಂತ ಕೆಲಸ ನಿಜವಾಗಿ ಹೇಗೆ ನಡೆಯಿತು ಎಂಬುದರಿಂದ ನಿರ್ಧರಿಸಬೇಕೆಂದು ಹೇಳುತ್ತದೆ. ಅನೇಕ ದೇಶಗಳ ನ್ಯಾಯಾಲಯಗಳು ಅನುಸರಿಸುವ ತತ್ವವೂ ಇದೇ. ಎಷ್ಟು ಗಂಟೆಗೆ ಬರಬೇಕೆಂದು ಹೇಳಿದ್ದು ಯಾರು? ಕಲ್ಲು, ಅಂಟು, ಕತ್ತರಿಸುವ ಯಂತ್ರ ಯಾರದು? ನಿಮ್ಮ ಬದಲು ಇನ್ನೊಬ್ಬನನ್ನು ಕಳುಹಿಸುವ ಸ್ವಾತಂತ್ರ್ಯ ನಿಮಗಿತ್ತೇ? ಲಾಭನಷ್ಟ ನಿಮ್ಮದಾಗಿತ್ತೇ, ಅಥವಾ ದಿನಕ್ಕೆ ಇಷ್ಟು ಎಂದು ಕೊಡುತ್ತಿದ್ದರೇ? ದಿನಗೂಲಿ ಪಡೆದು, ಹೇಳಿದ ಹೊತ್ತಿಗೆ ಬಂದು, ಅವರ ಯಂತ್ರದಲ್ಲಿ ಕೆಲಸ ಮಾಡಿದವನನ್ನು ಒಂದು ಸಹಿ ಗುತ್ತಿಗೆದಾರನನ್ನಾಗಿ ಮಾಡುವುದು ಕಷ್ಟ. ಗಾಯ, ವಿಮೆ, ತೆರಿಗೆಗಳ ಹೊಣೆಯನ್ನು ನಿಮ್ಮ ಹೆಗಲಿಗೆ ಜಾರಿಸಲು ಆ ಕಾಗದವನ್ನು ಬರೆಸಿಕೊಳ್ಳುತ್ತಾರೆ. ಅದನ್ನು ಪ್ರಶ್ನಿಸಲು ಸಮಯದ ಮಿತಿ ಇರುತ್ತದೆಯಾದ್ದರಿಂದ, ಕಾರ್ಮಿಕ ವಿಷಯಗಳನ್ನು ಬಲ್ಲ ವಕೀಲರನ್ನೋ ಕಾರ್ಮಿಕ ಇಲಾಖೆಯ ಅಧಿಕಾರಿಯನ್ನೋ ತಡಮಾಡದೆ ಕಾಣಿರಿ.

ಬಿದ್ದ ವಿಷಯವನ್ನು ನೀವು "ಹಲಗೆ ಜಾರಿತು" ಎಂದು ಎರಡು ಪದಗಳಲ್ಲಿ ಮುಗಿಸಿದ್ದೀರಿ. ಸುರಕ್ಷತೆಯ ಕೆಲಸ ಮಾಡಿದ ನನಗೆ ಆ ಎರಡು ಪದಗಳ ಹಿಂದೆ ಬಹಳಷ್ಟು ಕಾಣುತ್ತದೆ. ಹಲಗೆ ತಾನಾಗಿ ಜಾರುವುದಿಲ್ಲ. ಎರಡೂ ತುದಿಗಳಲ್ಲಿ ಕಟ್ಟಿರಲಿಲ್ಲ, ಅಥವಾ ಆಧಾರದಿಂದಾಚೆ ಚಾಚಿಕೊಂಡ ತುದಿಯ ಮೇಲೆ ಕಾಲಿಡುವಂತೆ ಇಟ್ಟಿದ್ದರು, ಅಥವಾ ಬೇರೊಬ್ಬರು ಬೆಳಿಗ್ಗೆ ಅದನ್ನು ತೆಗೆದು ಮತ್ತೆ ಇಟ್ಟಾಗ ಯಾರೂ ಪರೀಕ್ಷಿಸಲಿಲ್ಲ. ಕೈಹಿಡಿ ಅಡ್ಡಪಟ್ಟಿ ಇದ್ದಿದ್ದರೆ ಹಲಗೆ ಜಾರಿದರೂ ನೀವು ಕೆಳಗೆ ಬೀಳದೆ ಉಳಿಯುವ ಸಾಧ್ಯತೆ ಇತ್ತು. ಕಟ್ಟಡ ಸ್ಥಳಗಳಲ್ಲಿ ಪ್ರತಿ ವರ್ಷ ಕನಿಷ್ಠ 60,000 ಜನ ಅಪಘಾತಗಳಲ್ಲಿ ಸಾಯುತ್ತಾರೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಈ ಶತಮಾನದ ಮೊದಲ ದಶಕದಲ್ಲೇ ಅಂದಾಜು ಮಾಡಿತ್ತು. ಎತ್ತರದಿಂದ ಬೀಳುವುದು ಅದರ ಪ್ರಮುಖ ಕಾರಣಗಳಲ್ಲಿ ಒಂದು. ಇದಕ್ಕೆ ಬೇಕಾದ ಜ್ಞಾನ ಹೊಸದೇನಲ್ಲ. ಸಾರುವೆ ಹೇಗೆ ಕಟ್ಟಬೇಕು, ಎಷ್ಟು ಆಳದ ಗುಂಡಿಯ ಬದಿಗೆ ಆಸರೆ ಬೇಕು ಎಂಬುದೆಲ್ಲ ದಶಕಗಳಿಂದ ಎಲ್ಲರಿಗೂ ಗೊತ್ತಿದೆ.

ಕೊರತೆ ಇರುವುದು "ಈ ಹಲಗೆ ಕಟ್ಟುವ ತನಕ ನಾನು ಮೇಲೆ ಹತ್ತುವುದಿಲ್ಲ" ಎಂದು ಹೇಳಬಲ್ಲ ಬಾಯಿಯಲ್ಲಿ. ಸುರಕ್ಷತಾ ತಪಾಸಣೆಗೆ ಹೋದಾಗ ನಾನು ಕೆಲಸಗಾರರನ್ನು ಮೇಸ್ತ್ರಿಯ ಎದುರಿನಲ್ಲಿ ಕೇಳಿದರೆ ಎಲ್ಲವೂ ಸರಿಯಾಗಿದೆ ಎನ್ನುತ್ತಿದ್ದರು. ಅದೇ ಜನ ಊಟದ ಹೊತ್ತಿನಲ್ಲಿ ಪಕ್ಕಕ್ಕೆ ಕರೆದು, ಯಾವ ಮೂಲೆಯ ಹಲಗೆ ಅಲ್ಲಾಡುತ್ತದೆ, ಯಾವ ಲಿಫ್ಟಿನ ಬ್ರೇಕು ಹಿಡಿಯುವುದಿಲ್ಲ ಎಂಬುದನ್ನು ನನ್ನ ಪಟ್ಟಿಗಿಂತ ನಿಖರವಾಗಿ ಹೇಳುತ್ತಿದ್ದರು. ಅಪಾಯವನ್ನು ಅರಿತವನಿಗೆ ಹೇಳುವ ಧೈರ್ಯವಿಲ್ಲ, ಹೇಳುವ ಅಧಿಕಾರವುಳ್ಳವನು ಸಾರುವೆ ಹತ್ತುವುದಿಲ್ಲ. ತಕ್ಷಣದ ಗಂಭೀರ ಅಪಾಯವಿದೆ ಎಂದು ನಂಬಲು ಸಕಾರಣವಿದ್ದಾಗ ಕೆಲಸದಿಂದ ಹಿಂದೆ ಸರಿದವನನ್ನು ದಂಡಿಸಬಾರದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1981ರ 155ನೇ ಒಡಂಬಡಿಕೆ ಹೇಳುತ್ತದೆ. ಕಟ್ಟಡ ಕೆಲಸಕ್ಕೆಂದೇ ಮಾಡಿದ 1988ರ 167ನೇ ಒಡಂಬಡಿಕೆಯಲ್ಲೂ ಅಂಥದೇ ಹಕ್ಕು ಇದೆ. ಆದರೆ ನಾಳೆ ಬರಬೇಡ ಎಂದು ಕಾರಣ ಹೇಳದೆಯೇ ಕಳುಹಿಸಬಹುದಾದ ಮನುಷ್ಯನ ಕೈಯಲ್ಲಿ ಆ ಹಕ್ಕು ಬರಿಯ ಕಾಗದ. ಬ್ರಿಟನ್ನಿನಲ್ಲಿ 1977ರ ನಿಯಮಗಳು ಮಾನ್ಯತೆ ಪಡೆದ ಸಂಘಗಳಿಗೆ ಸುರಕ್ಷತಾ ಪ್ರತಿನಿಧಿಗಳನ್ನು ನೇಮಿಸುವ ಅಧಿಕಾರ ಕೊಟ್ಟದ್ದು ಈ ಕಾರಣಕ್ಕೇ: ಹೇಳಬೇಕಾದ ಮಾತನ್ನು ಹೇಳುವುದು ಒಬ್ಬನ ಅಧಿಕೃತ ಕೆಲಸವಾದರೆ ಅದು ಯಾರ ವೈಯಕ್ತಿಕ ದುಸ್ಸಾಹಸವೂ ಆಗುವುದಿಲ್ಲ. ಕೆನಡಾದ ಒಂಟಾರಿಯೊ ಪ್ರಾಂತದ ಕಟ್ಟಡ ಕಂಪನಿಗಳ ಅಧ್ಯಯನವೊಂದರಲ್ಲಿ, ಸಂಘವಿದ್ದ ಕಂಪನಿಗಳಲ್ಲಿ ಕೆಲಸ ತಪ್ಪಿಸುವಷ್ಟು ದೊಡ್ಡ ಗಾಯಗಳ ಪ್ರಮಾಣ ಕಡಿಮೆ ಇದ್ದು, ಸಣ್ಣ ಗಾಯಗಳ ವರದಿ ಹೆಚ್ಚಿದ್ದದ್ದು ಕಂಡುಬಂತು. ಮೊದಲ ನೋಟಕ್ಕೆ ವಿಚಿತ್ರವೆನಿಸುವ ಈ ಫಲಿತಾಂಶ ನನಗೆ ಬಹಳ ಅರ್ಥಪೂರ್ಣವಾಗಿ ಕಾಣುತ್ತದೆ. ಸಣ್ಣ ಗಾಯವನ್ನು ಅಂಜದೆ ಹೇಳುವ ಕಡೆ ದೊಡ್ಡ ಗಾಯದ ಕಾರಣ ಮೊದಲೇ ಕಣ್ಣಿಗೆ ಬೀಳುತ್ತದೆ.

ಇನ್ನು ನಿಮ್ಮ ಭಾವನ ಮಾತು. ಸಂಘಕ್ಕೆ ಸೇರಿದವನಿಗೆ ಕೆಲಸ ಸಿಗುವುದಿಲ್ಲ ಎಂಬ ಅವರ ಭಯವನ್ನು ಹೇಡಿತನವೆಂದು ಯಾರಾದರೂ ಅಂದರೆ ಒಪ್ಪಬೇಡಿ. ಬ್ರಿಟನ್ನಿನಲ್ಲಿ 2009ರಲ್ಲಿ, ಜನರ ವೈಯಕ್ತಿಕ ಮಾಹಿತಿಯ ರಕ್ಷಣೆಯನ್ನು ನೋಡಿಕೊಳ್ಳುವ ಮಾಹಿತಿ ಆಯುಕ್ತರ ಕಚೇರಿಯವರು ಶೋಧನೆ ನಡೆಸಿದಾಗ, ನಲವತ್ತಕ್ಕೂ ಹೆಚ್ಚು ಕಟ್ಟಡ ಕಂಪನಿಗಳು ಹಣ ಕೊಟ್ಟು ಬಳಸುತ್ತಿದ್ದ ಒಂದು ಗುಪ್ತ ಪಟ್ಟಿ ಸಿಕ್ಕಿತು. ಅದರಲ್ಲಿ 3,213 ಜನರ ಹೆಸರುಗಳಿದ್ದವು. ಸಂಘದಲ್ಲಿ ಚುರುಕಾಗಿದ್ದವರು, ಸುರಕ್ಷತೆಯ ಬಗ್ಗೆ ದೂರು ಕೊಟ್ಟವರು, ಅಂಥವರೇ ಅದರಲ್ಲಿ ತುಂಬಿದ್ದರು. ವರ್ಷಗಟ್ಟಲೆ ಕೆಲಸ ಸಿಗದೆ, ಏಕೆ ಸಿಗಲಿಲ್ಲವೆಂದೂ ತಿಳಿಯದೆ ಇದ್ದವರಿಗೆ ಅಂದು ಕಾರಣ ಗೊತ್ತಾಯಿತು. ಕೆಲವು ದೊಡ್ಡ ಕಂಪನಿಗಳು 2016ರಲ್ಲಿ ಕ್ಷಮೆ ಕೇಳಿ ಪರಿಹಾರ ಕೊಡಬೇಕಾಯಿತು. ಸಂಘದ ಸದಸ್ಯತ್ವದ ಕಾರಣಕ್ಕೆ ಕೆಲಸ ನಿರಾಕರಿಸುವುದನ್ನು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1949ರ 98ನೇ ಒಡಂಬಡಿಕೆ ತಪ್ಪೆಂದು ಹೇಳಿ ಅರವತ್ತು ವರ್ಷಗಳಾಗಿದ್ದಾಗಲೂ ಹೀಗಿತ್ತು. ಅಪಾಯ ನಿಜ. ಅದರ ಪ್ರಮಾಣ ಮಾತ್ರ ನೀವು ಹೇಗೆ ಸೇರುತ್ತೀರಿ ಎಂಬುದನ್ನು ಅವಲಂಬಿಸಿದೆ. ಸಂಘವೇ ಇಲ್ಲದ ಕಡೆ ಒಬ್ಬನೇ ಬಾವುಟ ಹಿಡಿದವನಿಗೆ ಪೆಟ್ಟು ಬೀಳುತ್ತದೆ. ಒಂದು ವೃತ್ತಿಯ ಬಹುಪಾಲು ಜನ ಸದಸ್ಯರಾಗಿರುವ ಕಡೆ, ಸದಸ್ಯರನ್ನು ಬಿಟ್ಟರೆ ಗುತ್ತಿಗೆದಾರನಿಗೆ ಕೆಲಸ ಮುಗಿಸಲು ಜನವೇ ಸಿಗುವುದಿಲ್ಲ. ಆದ್ದರಿಂದ ನಿಮ್ಮ ಪ್ರದೇಶದಲ್ಲಿ ನೆಲಹಾಸಿನ ಕೆಲಸಗಾರರ ಪೈಕಿ ಎಷ್ಟು ಜನ ಸದಸ್ಯರು, ಯಾವ ಗುತ್ತಿಗೆದಾರರು ಸಂಘದೊಂದಿಗೆ ಒಪ್ಪಂದ ಮಾಡಿಕೊಂಡಿದ್ದಾರೆ ಎಂಬುದನ್ನು ಸೇರುವ ಮೊದಲೇ ಕೇಳಿ. ಸೇರುವುದಾದರೆ ನಿಮ್ಮ ಜೊತೆಯ ಆರೇಳು ಮಂದಿ ಒಟ್ಟಿಗೆ ಸೇರಿ. ಕೆಲಸದ ಜಾಗದಲ್ಲಿ ಅದನ್ನು ಸಾರಿಕೊಂಡು ತಿರುಗಬೇಕಾದ ಅಗತ್ಯವೇನೂ ಮೊದಲ ದಿನವೇ ಇರುವುದಿಲ್ಲ.

ಮುಷ್ಕರದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಸಂಘ ಇದ್ದ ಮಾತ್ರಕ್ಕೆ ವರ್ಷಕ್ಕೊಂದು ಮುಷ್ಕರ ನಡೆಯುತ್ತದೆಂಬುದು ತಪ್ಪು. ಒಪ್ಪಂದಗಳಲ್ಲಿ ಬಹುಪಾಲು ಮಾತುಕತೆಯಲ್ಲೇ ಮುಗಿಯುತ್ತವೆ, ಮತ್ತು ಮುಷ್ಕರಕ್ಕೆ ಮೊದಲು ಸದಸ್ಯರ ಮತ ಪಡೆಯಬೇಕೆಂಬ ನಿಯಮ ಒಳ್ಳೆಯ ಸಂಘಗಳಲ್ಲಿ ಇರುತ್ತದೆ. ಆದರೂ ಮೆಲ್ಬರ್ನಿನ ಕಲ್ಲುಕುಟಿಗರು 1856ರಲ್ಲಿ ಉಪಕರಣಗಳನ್ನು ಕೆಳಗಿಟ್ಟು ಮೆರವಣಿಗೆ ಹೊರಟಿರದಿದ್ದರೆ, ಕೂಲಿ ಕಡಿತವಾಗದೆ ಎಂಟು ಗಂಟೆಯ ದಿನವನ್ನು ಅಷ್ಟು ಬೇಗ ಅವರು ಪಡೆಯುತ್ತಿರಲಿಲ್ಲ ಎಂಬುದನ್ನು ನೆಲಕ್ಕೆ ಕಲ್ಲು ಹಾಸುವ ನಿಮಗೆ ನೆನಪಿಸುವುದು ತಪ್ಪಲ್ಲವೆಂದುಕೊಂಡಿದ್ದೇನೆ. ಅವರು ನಿಮ್ಮದೇ ಕಸುಬಿನವರು.

ಚಂದಾ ಮತ್ತು ನಾಯಕರ ವಿಷಯ ಗಂಭೀರವಾದದ್ದು. ಎಲ್ಲ ಸಂಘಗಳೂ ಒಳ್ಳೆಯವಲ್ಲ. ಸದಸ್ಯತ್ವದ ಕಾರ್ಡು ಮಾರುವುದನ್ನೇ ಕಸುಬಾಗಿಸಿಕೊಂಡ ಸಂಘಗಳನ್ನೂ, ಗುತ್ತಿಗೆದಾರನಿಂದ ಹಣ ಪಡೆದು ದೂರನ್ನು ಮುಚ್ಚಿಹಾಕಿದ ಮುಖಂಡರನ್ನೂ ನಾನು ಕಂಡಿದ್ದೇನೆ. ಹಳೆಯ ಸದಸ್ಯರ ಮಕ್ಕಳಿಗೂ ನೆಂಟರಿಗೂ ಮಾತ್ರ ಬಾಗಿಲು ತೆರೆದು ಹೊರಗಿನವರನ್ನು ದೂರವಿಟ್ಟ ಇತಿಹಾಸವೂ ಈ ಕ್ಷೇತ್ರಕ್ಕಿದೆ. ಅಮೆರಿಕದಲ್ಲಿ ಕಟ್ಟಡ ವೃತ್ತಿಯ ಸಂಘಗಳು ಕಪ್ಪು ಜನರನ್ನು ಹೊರಗಿಟ್ಟದ್ದರಿಂದಲೇ, ಸರ್ಕಾರದ ಹಣದಿಂದ ನಡೆಯುವ ಕಟ್ಟಡಗಳಲ್ಲಿ ಅವರ ನೇಮಕಕ್ಕೆ ಗುರಿ ನಿಗದಿಪಡಿಸುವ ಫಿಲಡೆಲ್ಫಿಯಾ ಯೋಜನೆಯನ್ನು 1969ರಲ್ಲಿ ಸರ್ಕಾರವೇ ತರಬೇಕಾಯಿತು. ಹೆಂಗಸರ ವಿಷಯದಲ್ಲೂ ವಲಸಿಗರ ವಿಷಯದಲ್ಲೂ ಹಲವು ಸಂಘಗಳ ದಾಖಲೆ ಹೆಮ್ಮೆಪಡುವಂಥದ್ದಲ್ಲ. ಹಾಗಾಗಿ ಸಂಘವನ್ನು ಪರೀಕ್ಷಿಸದೆ ಚಂದಾ ಕೊಡಬೇಡಿ. ಅದು ನೋಂದಣಿಯಾಗಿದೆಯೇ, ಪ್ರತಿ ಪಾವತಿಗೂ ರಸೀದಿ ಕೊಡುತ್ತದೆಯೇ, ಕಳೆದ ವರ್ಷದ ಲೆಕ್ಕಪತ್ರವನ್ನು ಸದಸ್ಯರ ಮುಂದಿಟ್ಟಿದೆಯೇ, ಪದಾಧಿಕಾರಿಗಳ ಚುನಾವಣೆ ಕೊನೆಯ ಬಾರಿ ಯಾವಾಗ ನಡೆಯಿತು ಎಂದು ಕೇಳಿ. ಇವೆಲ್ಲಕ್ಕಿಂತ ನನಗೆ ಹೆಚ್ಚು ಹೇಳುವ ಪ್ರಶ್ನೆ ಇನ್ನೊಂದಿದೆ: ಕಳೆದ ಎರಡು ವರ್ಷಗಳಲ್ಲಿ ಯಾರ ಕೂಲಿಯನ್ನು ವಸೂಲಿ ಮಾಡಿಕೊಟ್ಟಿರಿ, ಆ ಮನುಷ್ಯನ ಜೊತೆ ಮಾತಾಡಬಹುದೇ? ಕೆಲಸ ಮಾಡುವ ಸಂಘ ನಿಮ್ಮನ್ನು ಅವನ ಬಳಿಗೆ ಕರೆದೊಯ್ಯುತ್ತದೆ. ಉಳಿದವರು ಭಾಷಣ ಮಾಡುತ್ತಾರೆ.

ಹಕ್ಕು ಕೆಲಸಗಾರನ ಜೊತೆ ನಡೆಯಬೇಕು ಎಂದೆನಲ್ಲ, ಅದು ಹೇಗೆ ನಡೆಯುತ್ತದೆ ಎಂಬುದಕ್ಕೆ ಜರ್ಮನಿಯ ವ್ಯವಸ್ಥೆ ಸ್ಪಷ್ಟ ಉದಾಹರಣೆ. ಅಲ್ಲಿ ಕಟ್ಟಡ ಕಾರ್ಮಿಕರ ಸಂಘ ಮತ್ತು ಉದ್ಯೋಗದಾತರ ಸಂಘಟನೆಗಳು ಒಪ್ಪಂದದ ಮೂಲಕ ಕಟ್ಟಿದ ಸೋಕಾ-ಬೌ ಎಂಬ ನಿಧಿಗೆ ಪ್ರತಿ ಗುತ್ತಿಗೆದಾರನೂ ವಂತಿಗೆ ಕಟ್ಟುತ್ತಾನೆ. ಕೆಲಸಗಾರ ವರ್ಷದಲ್ಲಿ ಮೂರು ಕಂಪನಿ ಬದಲಿಸಿದರೂ ಗಳಿಸಿದ ರಜೆ ಅವನ ಹೆಸರಿನಲ್ಲೇ ಕೂಡುತ್ತಾ ಹೋಗುತ್ತದೆ. ಅಮೆರಿಕದಲ್ಲಿ ಸಂಘದ ಒಪ್ಪಂದಕ್ಕೆ ಒಳಪಟ್ಟ ಅನೇಕ ಗುತ್ತಿಗೆದಾರರು ಒಂದೇ ಪಿಂಚಣಿ ಮತ್ತು ಆರೋಗ್ಯ ನಿಧಿಗೆ ಹಣ ಕಟ್ಟುತ್ತಾರೆ. ಹೊಸಬರಿಗೆ ಕೆಲಸ ಕಲಿಸುವ ತರಬೇತಿ ಶಾಲೆಗಳನ್ನೂ ಎರಡೂ ಕಡೆಯವರು ಸೇರಿ ನಡೆಸುತ್ತಾರೆ. ಭಾರತದಲ್ಲಿ ಕಟ್ಟಡ ಕಾರ್ಮಿಕರ ದೀರ್ಘ ಚಳವಳಿಯ ಫಲವಾಗಿ 1996ರಲ್ಲಿ ಬಂದ ಕಾನೂನುಗಳು ಕಟ್ಟಡ ವೆಚ್ಚದ ಮೇಲೆ ಸೆಸ್ ವಿಧಿಸಿ, ಆ ಹಣವನ್ನು ಕಲ್ಯಾಣ ಮಂಡಳಿಗಳ ಮೂಲಕ ನೋಂದಾಯಿತ ಕಾರ್ಮಿಕರಿಗೆ ತಲುಪಿಸುವ ದಾರಿ ಮಾಡಿದವು. ಹಣ ಬರುವುದು ಯಾವುದೋ ಒಬ್ಬ ಗುತ್ತಿಗೆದಾರನಿಂದಲ್ಲ, ಕಟ್ಟಲ್ಪಡುವ ಕಟ್ಟಡಗಳೆಲ್ಲವುಗಳಿಂದ. ಆದರೆ ಹಿಂದಿನ ಹನ್ನೆರಡು ತಿಂಗಳಲ್ಲಿ ತೊಂಬತ್ತು ದಿನ ಕಟ್ಟಡ ಕೆಲಸ ಮಾಡಿದ್ದೇನೆಂದು ತೋರಿಸಿ ನೋಂದಣಿ ಮಾಡಿಸಿಕೊಂಡವನಿಗೆ ಮಾತ್ರ ಅದು ದಕ್ಕುತ್ತಿತ್ತು. ಹಾಜರಿ ಪುಸ್ತಕವೇ ಇಲ್ಲದ ವೃತ್ತಿಯಲ್ಲಿ ಆ ತೊಂಬತ್ತು ದಿನಗಳನ್ನು ತೋರಿಸುವುದೇ ದೊಡ್ಡ ಕೆಲಸವಾಗಿ, ಅರ್ಜಿ ತುಂಬಿಸಿ ಕಚೇರಿ ಅಲೆಯುವುದನ್ನು ಸಂಘಗಳೇ ಹೊತ್ತುಕೊಂಡವು.

ಇಷ್ಟಾದ ಮೇಲೆ ನಿಮ್ಮ ಮುಂದಿರುವ ದಾರಿಗಳು. ಈಗಿರುವಂತೆ ಒಬ್ಬರೇ ಮುಂದುವರಿಯಬಹುದು. ಹಾಗಾದರೆ ವಾರಕ್ಕೊಮ್ಮೆ ಬಟವಾಡೆ ಆಗದ ಕಡೆ ಎರಡನೆಯ ವಾರ ಕಾಲಿಡದ ಕಟ್ಟುನಿಟ್ಟು ಬೇಕು, ಸ್ವಂತ ಖರ್ಚಿನಲ್ಲಿ ಅಪಘಾತ ವಿಮೆ ಬೇಕು, ಮತ್ತು ಎದುರಾಡಬೇಕಾದ ದಿನ ಒಬ್ಬರೇ ಎದುರಾಡಬೇಕಾಗುತ್ತದೆ. ಕೂಲಿಯನ್ನು ನೇರವಾಗಿ ತಾನೇ ಕೊಡುವ ದೊಡ್ಡ ಕಂಪನಿಯೊಂದರಲ್ಲಿ ಕಾಯಂ ಕೆಲಸ ಹುಡುಕಬಹುದು; ದಿನದ ದರ ಇಳಿಯುತ್ತದೆ, ಸರಪಳಿ ಗಿಡ್ಡವಾಗುತ್ತದೆ, ಆದರೆ ಕೆಲಸ ಕಡಿಮೆಯಾದಾಗ ಮೊದಲು ಹೊರಹೋಗುವವರು ಹೊಸಬರೇ. ನಿಮ್ಮಂಥ ಹತ್ತು ಕುಶಲಿಗಳು ಸೇರಿ ಸಹಕಾರಿ ತಂಡ ಕಟ್ಟಿಕೊಂಡು ನೇರವಾಗಿ ಮುಖ್ಯ ಗುತ್ತಿಗೆದಾರನಿಂದ ಕೆಲಸ ಹಿಡಿಯುವುದು ಕೆಲವು ಕಡೆ ಚೆನ್ನಾಗಿ ನಡೆದಿದೆ. ಅದಕ್ಕೆ ಬಂಡವಾಳ ಬೇಕು, ಬಿಲ್ಲು ತಡವಾದಾಗ ತಾಳಿಕೊಳ್ಳುವ ಶಕ್ತಿ ಬೇಕು, ಲೆಕ್ಕ ಬರೆಯುವ ನಂಬಿಕಸ್ತರು ಬೇಕು. ನಾಲ್ಕನೆಯದು ಸಂಘ. ನಿಮ್ಮ ವಯಸ್ಸು, ಗಾಯವಾದ ಕೈ, ಕಳೆದ ವರ್ಷದ ಅಂಕಿಗಳು ಇವನ್ನೆಲ್ಲ ನೋಡಿದರೆ, ನಾನು ಮೇಲೆ ಹೇಳಿದ ಪರೀಕ್ಷೆಯಲ್ಲಿ ಗೆಲ್ಲುವ ಸಂಘವೊಂದು ನಿಮ್ಮ ಪ್ರದೇಶದಲ್ಲಿದ್ದರೆ ಸೇರುವುದೇ ಸರಿ ಎಂದು ನನ್ನ ಅಭಿಪ್ರಾಯ. ಅಂಥದ್ದು ಇಲ್ಲದಿದ್ದರೆ ಕೆಟ್ಟ ಸಂಘಕ್ಕಿಂತ ಒಳ್ಳೆಯ ಸಹಕಾರಿ ತಂಡ ವಾಸಿ. ಸಂಘಕ್ಕೆ ಸೇರಿದ ತಕ್ಷಣ ಹಳೆಯ ಬಾಕಿ ಬಂದುಬಿಡುತ್ತದೆಂದು ಮಾತ್ರ ನಿರೀಕ್ಷಿಸಬೇಡಿ. ಸದಸ್ಯರಾಗುವ ಮುಂಚಿನ ಪ್ರಕರಣಗಳನ್ನು ಕೈಗೆತ್ತಿಕೊಳ್ಳದ ಸಂಘಗಳೂ ಇವೆ.

ಆ ಬಾಕಿಗಾಗಿ ನೀವು ಇಂದೇ ಮಾಡಬೇಕಾದ ಕೆಲಸವಿದೆ. ಆ 26 ದಿನಗಳ ದಿನಾಂಕ, ಸ್ಥಳ, ಯಾವ ಕೋಣೆಯಲ್ಲಿ ಎಷ್ಟು ಚದರ ಹಾಸಿದಿರಿ, ಜೊತೆಗೆ ಯಾರಿದ್ದರು ಎಂಬುದನ್ನು ನೆನಪಿರುವಾಗಲೇ ಬರೆಯಿರಿ. ಫೋನಿನಲ್ಲಿರುವ ಸಂದೇಶ, ಕರೆಗಳ ಪಟ್ಟಿ, ಕೆಲಸದ ಜಾಗದ ಫೋಟೋ ಯಾವುದನ್ನೂ ಅಳಿಸಬೇಡಿ. ಕಟ್ಟಡದ ಎದುರಿನ ಫಲಕದಲ್ಲಿ ಮುಖ್ಯ ಗುತ್ತಿಗೆದಾರನ ಹೆಸರು ಸಾಮಾನ್ಯವಾಗಿ ಇರುತ್ತದೆ. ಅದರ ಫೋಟೋ ತೆಗೆದುಕೊಂಡು, ಬಾಕಿಯ ವಿವರವನ್ನು ಉಪಗುತ್ತಿಗೆದಾರನ ಜೊತೆಗೆ ಅವನಿಗೂ ನೋಂದಾಯಿತ ಅಂಚೆಯಲ್ಲಿ ಕಳುಹಿಸಿ. ಜೊತೆಯವರೆಲ್ಲ ಒಂದೇ ಪತ್ರಕ್ಕೆ ಸಹಿ ಹಾಕಿದರೆ ಅದರ ತೂಕವೇ ಬೇರೆ.

ಕೊನೆಗೆ ಕೆಮ್ಮು. ಸಂಬಂಧ ಇರಲಿಕ್ಕಿಲ್ಲ ಎಂದು ಬರೆದಿದ್ದೀರಿ. ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಆತಂಕಕ್ಕೆ ತಳ್ಳಿದ್ದು ಈ ಸಾಲೇ. ಕಲ್ಲನ್ನೂ ಟೈಲ್ಸನ್ನೂ ನೀರಿಲ್ಲದೆ ಯಂತ್ರದಲ್ಲಿ ಕೊಯ್ಯುವಾಗ ಏಳುವ ಧೂಳಿನಲ್ಲಿ ಸಿಲಿಕಾ ಎಂಬ ಖನಿಜದ ಕಣಗಳಿರುತ್ತವೆ. ಕಣ್ಣಿಗೆ ಕಾಣುವ ಧೂಳು ಮೂಗಿನಲ್ಲೇ ನಿಲ್ಲಬಹುದು, ಕಾಣದಷ್ಟು ಸಣ್ಣದು ಶ್ವಾಸಕೋಶದ ತಳಕ್ಕಿಳಿದು ಅಲ್ಲೇ ಗಾಯದ ಕಲೆಯಂತೆ ಗಂಟು ಕಟ್ಟುತ್ತದೆ. ಸಿಲಿಕೋಸಿಸ್ ಎಂಬ ಈ ಕಾಯಿಲೆಯನ್ನು ಗುಣಪಡಿಸುವ ಔಷಧವಿಲ್ಲ. ಅದು ಇರುವವರಿಗೆ ಕ್ಷಯ ತಗಲುವ ಅಪಾಯವೂ ಹೆಚ್ಚು. ಸಾಮಾನ್ಯವಾಗಿ ಹತ್ತು ವರ್ಷಗಳ ಮೇಲೆ ಕಾಣಿಸಿಕೊಳ್ಳುತ್ತದೆ, ಧೂಳು ವಿಪರೀತವಾಗಿದ್ದರೆ ಬೇಗನೆಯೂ ಬರಬಹುದು. ಅಮೆರಿಕದ ವೆಸ್ಟ್ ವರ್ಜೀನಿಯಾದ ಹಾಕ್ಸ್ ನೆಸ್ಟ್ ಎಂಬಲ್ಲಿ 1930ರ ದಶಕದ ಆರಂಭದಲ್ಲಿ ಸಿಲಿಕಾ ತುಂಬಿದ ಬಂಡೆಯನ್ನು ಕೊರೆದು ಸುರಂಗ ತೋಡಿದ ಕಾರ್ಮಿಕರಲ್ಲಿ, ಕಡಿಮೆ ಅಂದಾಜಿನಲ್ಲೂ ನೂರಾರು ಜನ ಇದೇ ಕಾಯಿಲೆಯಿಂದ ಸತ್ತರು. ಅವರಲ್ಲಿ ಹೆಚ್ಚಿನವರು ದೂರದಿಂದ ಬಂದ ಕಪ್ಪು ವಲಸೆ ಕೆಲಸಗಾರರು. ಕೆಲಸ ಮುಗಿದ ಮೇಲೆ ಅವರು ಚದುರಿ ಹೋದದ್ದರಿಂದ ಸತ್ತವರ ನಿಖರ ಸಂಖ್ಯೆ ಇಂದಿಗೂ ಇತ್ಯರ್ಥವಾಗಿಲ್ಲ. ಅಡುಗೆಮನೆಯ ಕಟ್ಟೆಗಳಿಗೆ ಬಳಸುವ ಕೃತಕ ಕಲ್ಲಿನಲ್ಲಿ ಸಿಲಿಕಾ ಶೇಕಡಾ 90ಕ್ಕಿಂತ ಹೆಚ್ಚಿರಬಹುದು. ಅದನ್ನು ಕೊಯ್ಯುವ ಯುವ ಕೆಲಸಗಾರರಲ್ಲಿ ಈ ಕಾಯಿಲೆ ಕಂಡ ಮೇಲೆ, ಕಾರ್ಮಿಕ ಸಂಘಗಳೂ ವೈದ್ಯರೂ ಪಟ್ಟುಹಿಡಿದ ಫಲವಾಗಿ ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಅದರ ಬಳಕೆಯನ್ನೇ ನಿಷೇಧಿಸಿತು.

ನಿಮ್ಮ ಕೆಮ್ಮು ಬೇರೆ ಕಾರಣದ್ದೂ ಆಗಿರಬಹುದು. ಆದರೆ ಅದನ್ನು ನಿರ್ಧರಿಸಬೇಕಾದವರು ಶ್ವಾಸಕೋಶದ ವೈದ್ಯರು. ಅವರ ಬಳಿ ಹೋದಾಗ ಕೆಮ್ಮಿದೆ ಎಂದಷ್ಟೇ ಹೇಳದೆ, ಹನ್ನೊಂದು ವರ್ಷ ಕಲ್ಲು ಕೊಯ್ದಿದ್ದೇನೆ, ಬಹುಪಾಲು ನೀರು ಬಿಡದೆಯೇ ಕೊಯ್ದಿದ್ದೇನೆ ಎಂದಾದರೆ ಅದನ್ನೂ ಹೇಳಿ; ಕೆಲಸದ ವಿವರ ಗೊತ್ತಿಲ್ಲದಿದ್ದರೆ ಬೇರೆ ಕಾಯಿಲೆಯ ಔಷಧ ಕೊಟ್ಟು ಕಳುಹಿಸುವ ಸಂಭವವಿದೆ. ಎದೆಯ ಎಕ್ಸ್-ರೇ ಮತ್ತು ಉಸಿರಾಟದ ಪರೀಕ್ಷೆ ಮಾಡಿಸಿಕೊಂಡು ವರದಿಗಳ ಮೂಲ ಪ್ರತಿಯನ್ನು ನಿಮ್ಮಲ್ಲೇ ಇಟ್ಟುಕೊಳ್ಳಿ. ಬೀಡಿ ಸಿಗರೇಟು ಇದ್ದರೆ ಬಿಡಿ. ಅಲ್ಲಿಯವರೆಗೆ ನೀರು ಬಿಡದೆ ಒಂದು ಕಲ್ಲನ್ನೂ ಕೊಯ್ಯಬೇಡಿ. ಮುಖಕ್ಕೆ ಕಟ್ಟುವ ಬಟ್ಟೆ ಈ ಕಣಗಳನ್ನು ತಡೆಯುವುದಿಲ್ಲ, ಮುಖಕ್ಕೆ ಸಂದಿಲ್ಲದಂತೆ ಕೂರುವ ಧೂಳು ಸೋಸುವ ಮಾಸ್ಕ್ ಬೇಕು. ನೀವು ದುಡಿದ ಪ್ರತಿ ಗುತ್ತಿಗೆದಾರನ ಹೆಸರು, ವರ್ಷ, ಕೊಯ್ದ ಕಲ್ಲಿನ ಬಗೆ ಇವುಗಳ ಪಟ್ಟಿಯನ್ನು ಈ ವಾರವೇ ಮಾಡಿ, ಅದರ ಒಂದು ಪ್ರತಿಯನ್ನು ವೈದ್ಯರ ಕಡತಕ್ಕೆ ಸೇರಿಸಲು ಕೇಳಿಕೊಳ್ಳಿ.